200 ಗ್ರಾಂ ನೇತುಹಾಕಿದರೆ 2.06 ನ್ಯೂಟನ್ ಯಾಕೆ ಬರುತ್ತೆ?

ಪ್ರಶ್ನೆ: ನಾನು ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಲ್ಯಾಬಿಗೆ ಹೊಸದಾಗಿ ಎರಡು ಫೋರ್ಸ್ ಸೆನ್ಸರ್ (ಬಲವನ್ನು ಅಳೆದು ಕಂಪ್ಯೂಟರಿನಲ್ಲಿ ಗ್ರಾಫ್ ತೋರಿಸುವ ಉಪಕರಣ) ಬಂದಿವೆ. 10 ನ್ಯೂಟನ್, 50 ನ್ಯೂಟನ್ ಅಂತ ಎರಡು ರೇಂಜ್ ಇವೆ. 200 ಗ್ರಾಂ ಬಟ್ಟು ನೇತುಹಾಕಿದರೆ 1.96 ಬರಬೇಕಿತ್ತು, 2.06 ತೋರಿಸುತ್ತಿದೆ. ಮರದ ತುಂಡನ್ನು ಎಳೆದು ಘರ್ಷಣೆ ಅಳೆಯಲು ಹೋದರೆ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರುತ್ತದೆ. ಅರ್ಧ ಕೆಜಿ ಗಾಡಿಯನ್ನು ಸೆನ್ಸರಿಗೆ ಡಿಕ್ಕಿ ಹೊಡೆಸಿದೆವು. ಸಂವೇಗದ ಬದಲಾವಣೆ 0.39 ಬಂತು. ಆದರೆ ಗ್ರಾಫಿನ ಕೆಳಗಿನ ವಿಸ್ತೀರ್ಣ ಒಂದು ಸಲ 0.34, ಇನ್ನೊಂದು ಸಲ 0.52. ಸೆನ್ಸರೇ ಕೆಟ್ಟಿದೆಯಾ? ಪ್ರತಿ ಸಲ ಕ್ಯಾಲಿಬ್ರೇಶನ್ (ಗೊತ್ತಿರುವ ತೂಕಕ್ಕೆ ಹೊಂದಿಸುವುದು) ಮಾಡಬೇಕಾ? ಲೋಡ್ ಸೆಲ್ (ತಕ್ಕಡಿಗಳಲ್ಲಿ ಬಳಸುವ ಬಲ ಅಳೆಯುವ ಬಿಡಿಭಾಗ) ತಂದು ನಾವೇ ಒಂದು ಮಾಡಿಕೊಳ್ಳಬಹುದಾ? ಗ್ರಾಫ್‌ಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಸೆನ್ಸರ್ ಕೆಟ್ಟಿಲ್ಲ. ನಿಮ್ಮ ಗ್ರಾಫ್‌ಗಳನ್ನು ನಿಧಾನವಾಗಿ ನೋಡಿದೆ. ಪ್ರತಿಯೊಂದರಲ್ಲೂ ಸೆನ್ಸರ್ ತನಗೆ ಏನಾಯಿತೋ ಅದನ್ನು ಸರಿಯಾಗಿಯೇ ಬರೆದಿದೆ. ನಾವು ಅದಕ್ಕೆ ಕೇಳಿದ ಪ್ರಶ್ನೆ ಒಂದು, ಅದಕ್ಕೆ ಕೇಳಿಸಿದ ಪ್ರಶ್ನೆ ಇನ್ನೊಂದು ಆಗಿದೆ, ಅಷ್ಟೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ ಮೊದಲು ಡಬ್ಬಿಯ ಒಳಗೆ ಏನಿದೆ ನೋಡೋಣ.

ಒಳಗೆ ಇರುವುದು ಒಂದು ಲೋಹದ ಪಟ್ಟಿ, ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದರ ಒಂದು ತುದಿ ಡಬ್ಬಿಗೆ ಬಿಗಿಯಾಗಿದೆ, ಇನ್ನೊಂದು ತುದಿಗೆ ನೀವು ನೋಡುವ ಕೊಕ್ಕೆ ಸೇರಿದೆ. ಕೊಕ್ಕೆ ಎಳೆದರೆ ಪಟ್ಟಿ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಬಾಗುತ್ತದೆ. ಪಟ್ಟಿಯ ಮೇಲೆ ಸ್ಟ್ರೇನ್ ಗೇಜ್ ಅಂಟಿಸಿರುತ್ತಾರೆ. ಹಾವಿನಂತೆ ಹಿಂದೆ ಮುಂದೆ ಹೋಗಿ ಬರುವ ತೆಳ್ಳನೆಯ ಲೋಹದ ಗೆರೆ ಅದು. ಪಟ್ಟಿ ಹಿಗ್ಗಿದರೆ ಗೆರೆಯೂ ಹಿಗ್ಗಿ ತೆಳುವಾಗುತ್ತದೆ, ಅದರ ವಿದ್ಯುತ್ ರೋಧ ಜಾಸ್ತಿಯಾಗುತ್ತದೆ. ಎಷ್ಟು ಜಾಸ್ತಿ? ಗೇಜ್ 350 ಓಮ್‌ನದು ಅಂತಿಟ್ಟುಕೊಳ್ಳಿ. ಪಟ್ಟಿಯ ಮೇಲ್ಮೈ ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ ರೋಧ ಏರುವುದು 0.7 ಓಮ್ ಮಾತ್ರ. ಇಷ್ಟು ಚಿಕ್ಕ ಬದಲಾವಣೆಯನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕೇ ಸಾಮಾನ್ಯವಾಗಿ ನಾಲ್ಕು ಗೇಜ್‌ಗಳನ್ನು ವೀಟ್‌ಸ್ಟನ್ ಬ್ರಿಡ್ಜ್ ಆಗಿ, ಅಂದರೆ ರೋಧದ ಚಿಕ್ಕ ವ್ಯತ್ಯಾಸವನ್ನು ವೋಲ್ಟೇಜ್ ಆಗಿ ತೋರಿಸುವ ಸರ್ಕೀಟಾಗಿ ಜೋಡಿಸುತ್ತಾರೆ. ಎರಡು ಹಿಗ್ಗುವ ಕಡೆ, ಎರಡು ಕುಗ್ಗುವ ಕಡೆ. ಕೋಣೆ ಬಿಸಿಯಾದರೆ ನಾಲ್ಕರ ರೋಧವೂ ಒಟ್ಟಿಗೆ ಬದಲಾಗುವುದರಿಂದ ಆ ತಪ್ಪು ಬಹುಪಾಲು ತಾನಾಗೇ ಕಳೆದುಹೋಗುತ್ತದೆ. ಪಾಠದಲ್ಲಿ ಗ್ಯಾಲ್ವನೋಮೀಟರ್ ಇಟ್ಟುಕೊಂಡು ಕಲಿಸುವ ಅದೇ ಬ್ರಿಡ್ಜ್ ಇದು. 1833ರಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಅದನ್ನು ವಿವರಿಸಿದರು, 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಅದನ್ನು ಎಲ್ಲರ ಬಳಕೆಗೆ ತಂದರು. ಅಂಟಿಸುವ ಸ್ಟ್ರೇನ್ ಗೇಜ್ ಬಂದದ್ದು ಸುಮಾರು 1938ರಲ್ಲಿ. ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗೆ ಅದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಬ್ರಿಡ್ಜ್ ಪಾಠ ಮಾಡುವ ದಿನ ಈ ಸೆನ್ಸರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಸೂತ್ರಕ್ಕೆ ಜೀವ ಬರುತ್ತದೆ.

ಇಲ್ಲಿ ಮುಖ್ಯವಾದ ಮಾತು ಒಂದೇ. ಸೆನ್ಸರಿಗೆ ಗೊತ್ತಿರುವುದು ತನ್ನ ಪಟ್ಟಿ ಎಷ್ಟು ಬಾಗಿದೆ ಅನ್ನುವುದು ಮಾತ್ರ. ಬಾಗಿಸಿದ್ದು ನಿಮ್ಮ ಬಟ್ಟೋ, ಅದರದೇ ಕೊಕ್ಕೆಯೋ, ಬಿಗಿಯಾಗಿ ಎಳೆಯುತ್ತಿರುವ ದಾರವೋ, ನಡುಗುವ ಕೈಯೋ, ಅದಕ್ಕೆ ತಿಳಿಯದು. ಎಲ್ಲವನ್ನೂ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ.

ಈಗ 2.06 ನೋಡೋಣ. ಜಾಸ್ತಿ ಬಂದಿರುವುದು 0.10 ನ್ಯೂಟನ್. ಅಂದರೆ ಸುಮಾರು 10 ಗ್ರಾಂ ತೂಕ. ಹೆಚ್ಚುಕಮ್ಮಿ ಒಂದು ಕೊಕ್ಕೆಯ ತೂಕ, ಅಲ್ವಾ? ನೀವು ಸೆನ್ಸರನ್ನು ಮೇಜಿನ ಮೇಲೆ ಮಲಗಿಸಿ ಸೊನ್ನೆ ಮಾಡಿದ್ದೀರಿ (ಆಗ ಇರುವ ಬಲವನ್ನೇ ಸೊನ್ನೆ ಅಂತ ಎಣಿಸುವಂತೆ ಗುಂಡಿ ಒತ್ತಿದ್ದೀರಿ), ಆಮೇಲೆ ಸ್ಟ್ಯಾಂಡಿಗೆ ಕಟ್ಟಿ ನೇರ ನಿಲ್ಲಿಸಿದ್ದೀರಿ. ಮಲಗಿದ್ದಾಗ ಕೊಕ್ಕೆಯ ತೂಕ ಪಟ್ಟಿಯನ್ನು ಅಳತೆಯ ದಿಕ್ಕಿನಲ್ಲಿ ಬಾಗಿಸುತ್ತಿರಲಿಲ್ಲ. ನೇರ ನಿಂತಾಗ ಬಾಗಿಸುತ್ತಿದೆ. ಇದನ್ನು ವಿದ್ಯಾರ್ಥಿಗಳ ಮುಂದೆ ಒಂದೇ ನಿಮಿಷದಲ್ಲಿ ತೋರಿಸಬಹುದು. ಕೊಕ್ಕೆ ಕೆಳಗೆ ಇರುವಂತೆ ಹಿಡಿದು ಸೊನ್ನೆ ಮಾಡಿ. ನಿಧಾನವಾಗಿ ಮಲಗಿಸಿ, 0.10 ಆಚೀಚೆ ಬದಲಾಗುತ್ತದೆ. ಪೂರ್ತಿ ತಲೆಕೆಳಗು ಮಾಡಿ, ಈಗ ಅದರ ಎರಡರಷ್ಟು, 0.20. ಮೊದಲು ಕೊಕ್ಕೆ ಪಟ್ಟಿಯನ್ನು ಎಳೆಯುತ್ತಿತ್ತು, ಈಗ ಅದೇ ತೂಕದಿಂದ ತಳ್ಳುತ್ತಿದೆ. ನಾನು ಹೊಸ ತಂಡಕ್ಕೆ ಸೆನ್ಸರ್ ಕೊಡುವಾಗ ಮೊದಲು ಮಾಡಿಸುವುದು ಇದನ್ನೇ. ಹೀಗೆ ಒಮ್ಮೆ ತಲೆಕೆಳಗು ಮಾಡಿ ನೋಡಿದವರು ಸೊನ್ನೆ ಮಾಡುವುದನ್ನು ಮರೆಯುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಪ್ರಯೋಗದಲ್ಲಿ ಸೆನ್ಸರ್ ಹೇಗೆ ನಿಲ್ಲುತ್ತದೋ ಹಾಗೇ ಮೊದಲು ನಿಲ್ಲಿಸಿ. ಕೊಕ್ಕೆ, ಸ್ಪ್ರಿಂಗ್, ಬಂಪರ್, ಯಾವುದು ತುದಿಯಲ್ಲಿ ಇರಬೇಕೋ ಅದನ್ನು ಹಾಕಿ. ದಾರ ಸಡಿಲವಾಗಿರಲಿ. ಆನ್ ಮಾಡಿ ಕೆಲವು ನಿಮಿಷ ಬಿಡಿ, ಒಳಗಿನ ಭಾಗಗಳು ಬಿಸಿಯಾಗುವ ತನಕ ಸೊನ್ನೆ ಸ್ವಲ್ಪ ಸರಿಯುತ್ತಲೇ ಇರುತ್ತದೆ. ಆಮೇಲೆ ಸೊನ್ನೆ ಒತ್ತಿ. ರೇಂಜ್ ಬದಲಾಯಿಸಿದರೆ ಮತ್ತೆ ಸೊನ್ನೆ. ದಿಕ್ಕು ಬದಲಾಯಿಸಿದರೆ ಮತ್ತೆ ಸೊನ್ನೆ. ತುದಿಯ ಸಾಮಾನು ಬದಲಾಯಿಸಿದರೂ ಮತ್ತೆ ಸೊನ್ನೆ. ಒತ್ತುವುದಕ್ಕೆ ಎರಡು ಸೆಕೆಂಡ್ ಸಾಕು.

ಕ್ಯಾಲಿಬ್ರೇಶನ್ ಪ್ರತಿ ಸಲ ಬೇಡ. ಪರೀಕ್ಷೆ ಮಾತ್ರ ಪ್ರತಿ ಸಲ ಮಾಡಿ. ಸೊನ್ನೆ ಮಾಡಿದ ಮೇಲೆ 500 ಗ್ರಾಂ ನೇತುಹಾಕಿ. 4.90ರಿಂದ 0.02, 0.03ರಷ್ಟು ಆಚೀಚೆ ಇದ್ದರೆ ಮುಂದುವರಿಯಿರಿ. ಅದಕ್ಕಿಂತ ದೂರ ಇದ್ದರೆ ಎರಡು ಬಿಂದುವಿನ ಕ್ಯಾಲಿಬ್ರೇಶನ್ ಮಾಡಿ: ಒಂದು ಸೊನ್ನೆ, ಇನ್ನೊಂದು ಗೊತ್ತಿರುವ ತೂಕ. ಆ ತೂಕ ನೀವು ಅಳೆಯಲಿರುವ ಬಲದ ಆಸುಪಾಸಿನಲ್ಲಿರಲಿ. 20 ಗ್ರಾಂ ಇಟ್ಟು ಕ್ಯಾಲಿಬ್ರೇಟ್ ಮಾಡಿ 8 ನ್ಯೂಟನ್ ಅಳೆಯಲು ಹೋದರೆ, ಮೊದಲು ಆದ ಚಿಕ್ಕ ತಪ್ಪು 40 ಪಟ್ಟು ಬೆಳೆದು ನಿಲ್ಲುತ್ತದೆ. ಬಟ್ಟುಗಳನ್ನು ನಂಬುವ ಮೊದಲು ತಕ್ಕಡಿಯಲ್ಲಿ ತೂಗಿ ನೋಡಿ. ಲ್ಯಾಬಿನ ಹಳೇ ಬಟ್ಟುಗಳು ಸವೆದಿರುತ್ತವೆ, ಕೆಲವಕ್ಕೆ ತುಕ್ಕು ಹಿಡಿದಿರುತ್ತದೆ. ಬಟ್ಟು ಕೂರಿಸುವ ಹ್ಯಾಂಗರಿನ ತೂಕವನ್ನು ಸೇರಿಸುವುದನ್ನು ಮರೆಯುವವರು ಬಹಳ. ಇನ್ನೊಂದು ಮಾತು. ಗುರುತ್ವ ಎಲ್ಲ ಕಡೆ 9.80 ಅಲ್ಲ. ಭೂಮಧ್ಯರೇಖೆಯ ಹತ್ತಿರ 9.78, ಧ್ರುವಗಳ ಹತ್ತಿರ 9.83. ಅರ್ಧ ಕೆಜಿಗೆ 0.025 ನ್ಯೂಟನ್ ವ್ಯತ್ಯಾಸ. ನಿಮ್ಮ ಸೆನ್ಸರ್ ಅದನ್ನು ನೋಡಬಲ್ಲದು, ಹಾಗಾಗಿ ನಿಮ್ಮ ಜಾಗದ ಬೆಲೆಯನ್ನೇ ಹಾಕಿ.

ರೇಂಜ್ ವಿಷಯಕ್ಕೆ ಬರೋಣ. ಸೆನ್ಸರಿನಿಂದ ಬರುವ ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ 12 ಬಿಟ್‌ನದಾದರೆ ಅದಕ್ಕೆ 4096 ಮೆಟ್ಟಿಲು ಇರುತ್ತವೆ. ಮೈನಸ್ 10ರಿಂದ ಪ್ಲಸ್ 10ರ ತನಕ ಹಂಚಿದರೆ ಒಂದು ಮೆಟ್ಟಿಲು ಸುಮಾರು 0.005 ನ್ಯೂಟನ್. 50ರ ರೇಂಜಿನಲ್ಲಿ ಅದೇ ಮೆಟ್ಟಿಲು 0.024 ಆಗುತ್ತದೆ. ಅರ್ಧ ನ್ಯೂಟನ್ ಅಳೆಯುವಾಗ 50ಕ್ಕೆ ಸ್ವಿಚ್ ಹಾಕಿಟ್ಟರೆ ಒಂದೊಂದು ಮೆಟ್ಟಿಲೂ ಅಳತೆಯ 5 ಪ್ರತಿಶತ. ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಮೊದಲು ಸ್ವಿಚ್ ಕಡೆ ನೋಡಿ.

ಈಗ ಮರದ ತುಂಡು. ನಿಮ್ಮ ಗ್ರಾಫಿನ ಗರಗಸದ ಹಲ್ಲುಗಳಲ್ಲಿ ಎರಡು ಬಗೆ ಇವೆ, ಹತ್ತಿರದಿಂದ ನೋಡಿ. ಮೊದಲ ಎರಡು ಸೆಕೆಂಡಿನಲ್ಲಿ ಹಲ್ಲುಗಳು ಒಂದೇ ಅಂತರದಲ್ಲಿವೆ: ನಿಧಾನಕ್ಕೆ ಏರಿ, ದಢಕ್ಕನೆ ಇಳಿದು, ಮತ್ತೆ ಏರಿವೆ. ಇದು ನಿಜವಾದ ಭೌತಶಾಸ್ತ್ರ. ದಾರ ಹಿಗ್ಗುತ್ತದೆ, ತುಂಡು ಅಂಟಿಕೊಂಡಿರುತ್ತದೆ, ಎಳೆತ ಸಾಕಾದ ಕೂಡಲೇ ಜಾರಿ ಮುಂದೆ ಬರುತ್ತದೆ, ದಾರ ಸಡಿಲವಾಗಿ ತುಂಡು ಮತ್ತೆ ನಿಲ್ಲುತ್ತದೆ. ಬಾಗಿಲು ಕಿರುಗುಟ್ಟುವುದೂ ಇದೇ ಕಾರಣಕ್ಕೆ. ಹಿಗ್ಗದ ದಾರ ಕಟ್ಟಿ ಸ್ವಲ್ಪ ವೇಗವಾಗಿ ಎಳೆದರೆ ಹೋಗುತ್ತದೆ. ಆಮೇಲಿನ ಹಲ್ಲುಗಳಿಗೆ ಲೆಕ್ಕವೇ ಇಲ್ಲ. ಅವು ಎಳೆದವರ ಕೈಯ ನಡುಕ. ಸೆನ್ಸರನ್ನು ಕೈಯಲ್ಲಿ ಹಿಡಿದು ಎಳೆಯುವಾಗ ಕೈ ಒಂದೇ ವೇಗದಲ್ಲಿ ಹೋಗುವುದಿಲ್ಲ. ತುಂಡಿಗೆ ಸಿಗುವ ಪ್ರತಿ ಚಿಕ್ಕ ವೇಗೋತ್ಕರ್ಷವೂ ಗ್ರಾಫಿಗೆ ಬಂದು ಸೇರುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಸೆನ್ಸರನ್ನು ಎಳೆಯಲೇ ಬೇಡಿ. ಅದನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. ತುಂಡನ್ನು ದಾರದಿಂದ ಸೆನ್ಸರಿಗೆ ಕಟ್ಟಿ, ತುಂಡಿನ ಕೆಳಗೆ ಒಂದು ಉದ್ದ ಹಲಗೆ ಇಡಿ. ಈಗ ಹಲಗೆಯನ್ನು ಎಳೆಯಿರಿ. ತುಂಡು ದಾರದ ತುದಿಯಲ್ಲಿ ಸುಮ್ನೆ ನಿಂತಿರುತ್ತದೆ, ಕೆಳಗಿನಿಂದ ನೆಲ ಜಾರಿ ಹೋಗುತ್ತದೆ. ತುಂಡಿಗೆ ವೇಗೋತ್ಕರ್ಷವೇ ಇಲ್ಲದ ಕಾರಣ ದಾರದ ಎಳೆತವೂ ಘರ್ಷಣೆಯೂ ಸಮ. ನಿಮ್ಮ ಕೈ ಸ್ವಲ್ಪ ನಡುಗಿದರೂ ಚಿಂತೆಯಿಲ್ಲ, ಯಾಕೆಂದರೆ ಜಾರುವ ಘರ್ಷಣೆ ವೇಗವನ್ನು ಅಷ್ಟಾಗಿ ಅವಲಂಬಿಸಿಲ್ಲ. ಗ್ರಾಫ್ ಚೆಂದವಾಗಿ ಬರುತ್ತದೆ: ಒಂದು ಏರು, ಒಂದು ಚೂಪು ತುದಿ, ಆಮೇಲೆ ಸಮತಟ್ಟು ನೆಲ. ಚೂಪು ತುದಿ ನಿಶ್ಚಲ ಘರ್ಷಣೆಯ ಗರಿಷ್ಠ ಬೆಲೆ, ಸಮತಟ್ಟು ಭಾಗದ ಸರಾಸರಿ ಜಾರುವ ಘರ್ಷಣೆ. 200 ಗ್ರಾಂ ತುಂಡಿನ ಮೇಲೆ 500 ಗ್ರಾಂ ಇಟ್ಟರೆ ಲಂಬ ಬಲ 6.86 ನ್ಯೂಟನ್. ತುದಿ 2.40, ಸಮತಟ್ಟು 1.92 ಬಂದರೆ, ಲಂಬ ಬಲದಿಂದ ಭಾಗಿಸಿ ಸಿಗುವ ಘರ್ಷಣೆಯ ಗುಣಾಂಕಗಳು 0.35 ಮತ್ತು 0.28. ಸಮತಟ್ಟು ಭಾಗದಲ್ಲಿ ಯಾವುದೋ ಒಂದು ಬಿಂದುವನ್ನು ಓದಬೇಡಿ. ಎರಡು ಮೂರು ಸೆಕೆಂಡಿನ ಭಾಗವನ್ನು ಆರಿಸಿ ಸರಾಸರಿ ತೆಗೆಯಿರಿ.

ದಾರ ಮೇಜಿಗೆ ಸಮಾನಾಂತರವಾಗಿರಲೇಬೇಕು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಒಮ್ಮೆ ಒಂದು ಇಡೀ ಮಧ್ಯಾಹ್ನದ ಅಳತೆಗಳನ್ನು ನಾನೇ ಇದರಿಂದ ಕಳೆದುಕೊಂಡಿದ್ದೇನೆ. ಕೊಕ್ಕೆ ತುಂಡಿಗಿಂತ ಎತ್ತರದಲ್ಲಿತ್ತು, ದಾರ 15 ಡಿಗ್ರಿಯಷ್ಟು ಮೇಲಕ್ಕೆ ಹೋಗುತ್ತಿತ್ತು. 15 ಡಿಗ್ರಿ ಅಂದರೆ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ. 2 ನ್ಯೂಟನ್ ಎಳೆತದಲ್ಲಿ 0.52 ನ್ಯೂಟನ್ ಮೇಲ್ಮುಖವಾಗಿ ತುಂಡನ್ನು ಎತ್ತುತ್ತಿದೆ. ಲಂಬ ಬಲ 6.86ರಿಂದ 6.34ಕ್ಕೆ ಇಳಿಯಿತು, ಅಂದರೆ 7 ಪ್ರತಿಶತಕ್ಕಿಂತ ಜಾಸ್ತಿ ತಪ್ಪು. ಅಡ್ಡ ದಿಕ್ಕಿನ ಬಲದಲ್ಲಿ 3 ಪ್ರತಿಶತಕ್ಕೂ ಮೀರಿದ ಇನ್ನೊಂದು ತಪ್ಪು. ಸೆನ್ಸರಿನ ಕೆಳಗೆ ಒಂದೆರಡು ಪುಸ್ತಕ ಇಟ್ಟೋ ತೆಗೆದೋ ಎತ್ತರ ಸರಿ ಮಾಡಿ. ಮೇಜಿನಿಂದ ದಾರದ ಎರಡೂ ತುದಿಯ ಎತ್ತರವನ್ನು ಸ್ಕೇಲಿನಿಂದ ಅಳೆದು ಸಮ ಇದೆಯಾ ನೋಡಿ. ಕಣ್ಣಂದಾಜು ಸಾಲದು.

ಡಿಕ್ಕಿಯ ಪ್ರಯೋಗದಲ್ಲಿ ಒಂದಲ್ಲ, ಮೂರು ತಪ್ಪು ಸೇರಿವೆ. ಒಂದೊಂದಾಗಿ ಬಿಡಿಸುತ್ತೇನೆ. ನಿಮ್ಮ ಗಾಡಿ ಸೆಕೆಂಡಿಗೆ 0.42 ಮೀಟರ್ ವೇಗದಲ್ಲಿ ಬಂತು, 0.36ರಲ್ಲಿ ಹಿಂದಕ್ಕೆ ಹೋಯಿತು. ದಿಕ್ಕು ಬದಲಾದ್ದರಿಂದ ವೇಗಗಳನ್ನು ಕೂಡಿಸಬೇಕು, 0.78. ಅರ್ಧ ಕೆಜಿಯಿಂದ ಗುಣಿಸಿದರೆ 0.39. ಈ ಲೆಕ್ಕ ಸರಿಯಾಗಿದೆ. ಬಲದ ಗ್ರಾಫಿನ ಕೆಳಗಿನ ವಿಸ್ತೀರ್ಣ, ಅಂದರೆ ಇಂಪಲ್ಸ್, ಇದಕ್ಕೆ ಸಮ ಬರಬೇಕು.

ಈಗ ಮೊದಲ ಗ್ರಾಫಿನ ಶಿಖರ ನೋಡಿ. ಅದು ಚೂಪಾಗಿಲ್ಲ, 10ರ ಹತ್ತಿರ ಕತ್ತರಿಯಿಂದ ಕತ್ತರಿಸಿದ ಹಾಗೆ ಸಪಾಟಾಗಿದೆ. ಡಿಕ್ಕಿ ಸುಮಾರು 50 ಮಿಲಿಸೆಕೆಂಡ್ ನಡೆದಿದೆ. ಬಲ ಅರ್ಧ ಸೈನ್ ಅಲೆಯಂತೆ ಏರಿ ಇಳಿಯುತ್ತದೆ ಅಂದುಕೊಂಡರೆ 0.39 ಇಂಪಲ್ಸಿಗೆ ಶಿಖರ 12 ನ್ಯೂಟನ್ ದಾಟಬೇಕು. ನೀವು ಇಟ್ಟಿದ್ದು 10ರ ರೇಂಜ್. ಮೇಲಿನ ಭಾಗವನ್ನು ಸೆನ್ಸರ್ ನೋಡಲೇ ಇಲ್ಲ. ನಿಜವಾದ ಶಿಖರ ಯಾವಾಗಲೂ ದುಂಡಗೆ ಅಥವಾ ಚೂಪಾಗಿ ಇರುತ್ತದೆ. ಸಪಾಟು ತಲೆ ಕಂಡರೆ ಆ ಅಳತೆಯನ್ನು ಅಲ್ಲೇ ಬಿಟ್ಟುಬಿಡಿ.

ಎರಡನೆಯದು, ಆ ಶಿಖರದಲ್ಲಿ ಬಿಂದುಗಳೇ ಇಲ್ಲ. ಎಣಿಸಿದೆ, ಮೂರು. ಸಾಫ್ಟ್‌ವೇರ್ ಸೆಕೆಂಡಿಗೆ 50 ಸಲ ಓದುವಂತೆ ಬಿಟ್ಟಿದ್ದೀರಿ, ಅಂದರೆ 20 ಮಿಲಿಸೆಕೆಂಡಿಗೆ ಒಂದು. ಘರ್ಷಣೆ ಅಳೆಯಲು ಅದು ಧಾರಾಳ. 50 ಮಿಲಿಸೆಕೆಂಡಿನಲ್ಲಿ ಮುಗಿಯುವ ಡಿಕ್ಕಿಗೆ ಅದು ಏನೇನೂ ಸಾಲದು. ಸೆಕೆಂಡಿಗೆ 1000ಕ್ಕೆ ಏರಿಸಿ, ಅದೇ ಡಿಕ್ಕಿಗೆ 50 ಬಿಂದು ಸಿಗುತ್ತವೆ. ಅಷ್ಟು ವೇಗದಲ್ಲಿ ಹತ್ತು ಸೆಕೆಂಡ್ ಓದಿದರೆ 10,000 ಸಾಲು ತುಂಬುತ್ತದೆ, ಆದ್ದರಿಂದ ಟ್ರಿಗರ್ ಬಳಸಿ. ಬಲ ಅರ್ಧ ನ್ಯೂಟನ್ ದಾಟಿದಾಗ ಓದಲು ಶುರುಮಾಡು, ಅದಕ್ಕಿಂತ ಸ್ವಲ್ಪ ಮೊದಲಿನದ್ದನ್ನೂ ಇಟ್ಟುಕೋ ಅಂತ ಸಾಫ್ಟ್‌ವೇರಿಗೆ ಹೇಳಬಹುದು. ಆ ಮೊದಲಿನ ಭಾಗ ಬೇಕೇ ಬೇಕು. ಶಿಖರ ಎಲ್ಲಿಂದ ಏರಲು ಶುರುವಾಯಿತು ಅಂತ ಗೊತ್ತಾಗುವುದು ಅದರಿಂದಲೇ. ಕತ್ತರಿಸಿದ ತಲೆ, ಮೂರೇ ಬಿಂದು, ಇವೆರಡೂ ಸೇರಿ ನಿಮ್ಮ 0.39ನ್ನು 0.34 ಮಾಡಿವೆ.

ಮತ್ತೆ 0.52? ಅದು ಮೂರನೆಯದು, ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದೂ ಅದೇ. ಎರಡನೇ ಗ್ರಾಫಿನಲ್ಲಿ ಡಿಕ್ಕಿಯ ಮೊದಲೂ ಆಮೇಲೂ ಗೆರೆ ಸೊನ್ನೆಯ ಮೇಲೆ ಇಲ್ಲ, 0.06ರ ಮೇಲಿದೆ. ನೋಡಿದರೆ ಏನೂ ಅಲ್ಲ ಅನ್ನಿಸುವಷ್ಟು ಚಿಕ್ಕದು. ಆದರೆ ವಿಸ್ತೀರ್ಣ ತೆಗೆಯುವಾಗ ನೀವು ಇಡೀ 3 ಸೆಕೆಂಡನ್ನು ಆರಿಸಿದ್ದೀರಿ. 0.06 ಇಂಟು 3, 0.18. ಅದನ್ನು 0.34ಕ್ಕೆ ಸೇರಿಸಿ. ಸರಿಯಾಗಿ 0.52. ಸೊನ್ನೆಯ ಆ ಚಿಕ್ಕ ತಪ್ಪು ಉದ್ದನೆಯ ಸಮಯದಿಂದ ಗುಣಿಸಿಕೊಂಡು ಡಿಕ್ಕಿಯ ಅರ್ಧದಷ್ಟು ಬೆಳೆದಿದೆ. ವಿಸ್ತೀರ್ಣ ತೆಗೆಯುವಾಗ ಶಿಖರವನ್ನು ಮಾತ್ರ ಆರಿಸಿ, ಏರಲು ಶುರುವಾದ ಜಾಗದಿಂದ ಮತ್ತೆ ಕೆಳಗೆ ಬಂದು ನಿಂತ ಜಾಗದ ತನಕ. ಆಗ ಅದೇ 0.06 ತರುವ ತಪ್ಪು 0.003 ಅಷ್ಟೆ. ಜೊತೆಗೆ ಪ್ರತಿ ಡಿಕ್ಕಿಗೂ ಮುಂಚೆ ಸೊನ್ನೆ ಒತ್ತಿ. ಕೇಬಲ್ ಬಿಗಿಯಾಗಿ ಎಳೆಯುತ್ತಿದ್ದರೆ ಅದನ್ನು ಟೇಪಿನಿಂದ ಮೇಜಿಗೆ ಅಂಟಿಸಿ ಸಡಿಲ ಬಿಡಿ.

ಶಿಖರ ಇಳಿದ ಮೇಲೆ ಸಣ್ಣ ಸಣ್ಣ ಅಲೆಗಳು ಕಾಣಿಸಬಹುದು. ಪಟ್ಟಿ ಮತ್ತು ಬಂಪರ್ ತಮ್ಮಷ್ಟಕ್ಕೆ ಕಂಪಿಸುತ್ತಿವೆ, ತಂತಿ ಮೀಟಿದ ಹಾಗೆ. ಅವು ಸೊನ್ನೆಯ ಮೇಲೂ ಕೆಳಗೂ ಹೋಗುವುದರಿಂದ ವಿಸ್ತೀರ್ಣಕ್ಕೆ ಹೆಚ್ಚು ತೊಂದರೆ ಇಲ್ಲ. ಸಾಫ್ಟ್‌ವೇರಿನ ಸ್ಮೂದಿಂಗ್ ಒತ್ತಿ ಅವನ್ನು ಅಳಿಸುವ ಆಸೆ ಆಗುತ್ತದೆ. ಒತ್ತಬೇಡಿ. ವಿಸ್ತೀರ್ಣ ಹೆಚ್ಚುಕಮ್ಮಿ ಹಾಗೇ ಉಳಿದರೂ ಶಿಖರ ತಗ್ಗಾಗಿ ಅಗಲವಾಗುತ್ತದೆ, ಆಮೇಲೆ ಗರಿಷ್ಠ ಬಲ ಎಷ್ಟು ಅಂತ ಬರೆಯುವುದಕ್ಕೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

ಬಂಪರ್ ಬಗ್ಗೆ ಒಂದು ಎಚ್ಚರಿಕೆ. ಇದೇ 0.39 ಇಂಪಲ್ಸ್ 100 ಮಿಲಿಸೆಕೆಂಡಿನಲ್ಲಿ ನಡೆದರೆ ಶಿಖರ ಸುಮಾರು 6 ನ್ಯೂಟನ್. 10 ಮಿಲಿಸೆಕೆಂಡಿನಲ್ಲಿ ನಡೆದರೆ 61. ಆಗ ನಿಮ್ಮ 50ರ ರೇಂಜೂ ಸಾಲದು. ಲೋಹಕ್ಕೆ ಲೋಹ ನೇರವಾಗಿ ಹೊಡೆಯುವಂತೆ ಯಾವತ್ತೂ ಬಿಡಬೇಡಿ. ಮೆತ್ತನೆಯ ಸ್ಪ್ರಿಂಗಿನಿಂದ ಶುರುಮಾಡಿ, ಆಮೇಲೆ ಸ್ವಲ್ಪ ಗಡುಸಾದದ್ದು ಹಾಕಿ. ಬಂದು ಹೋಗುವ ವೇಗಗಳು ಹೆಚ್ಚುಕಮ್ಮಿ ಅವೇ ಆಗಿದ್ದರೆ ಎರಡು ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ತೋರಿಸಿ. ಒಂದು ಗುಡ್ಡದ ಹಾಗೆ, ಇನ್ನೊಂದು ಗೋಪುರದ ಹಾಗೆ, ಆದರೆ ಕೆಳಗಿನ ವಿಸ್ತೀರ್ಣ ಒಂದೇ. ಆ ಕ್ಷಣಕ್ಕಾಗಿಯೇ ಈ ಸೆನ್ಸರ್ ಕೊಳ್ಳಬಹುದು ಅಂತ ನಾನು ಮನಸಾರೆ ಹೇಳುತ್ತೇನೆ.

ನೀವು ಕೇಳದಿದ್ದರೂ ಇನ್ನೆರಡು ಪ್ರಯೋಗಗಳ ಬಗ್ಗೆ ಹೇಳುತ್ತೇನೆ, ಇವು ನಿಮ್ಮ ಮುಂದಿನ ಪಾಠಗಳಲ್ಲಿ ಬಂದೇ ಬರುತ್ತವೆ. ನ್ಯೂಟನ್ನನ ಎರಡನೇ ನಿಯಮಕ್ಕೆ ಸೆನ್ಸರನ್ನು ಗಾಡಿಯ ಮೇಲೇ ಕೂರಿಸಿ, ದಾರವನ್ನು ರಾಟೆಯ ಮೇಲಿಂದ ಬಿಟ್ಟು ಬಟ್ಟು ನೇತುಹಾಕುತ್ತೇವೆ. ಗಾಡಿ ಮತ್ತು ಸೆನ್ಸರ್ ಸೇರಿ 750 ಗ್ರಾಂ, ಬಟ್ಟು 50 ಗ್ರಾಂ ಇರಲಿ. ಗಾಡಿಯನ್ನು ಹಿಡಿದು ನಿಲ್ಲಿಸಿದ್ದಾಗ ಸೆನ್ಸರ್ 0.49 ತೋರಿಸುತ್ತದೆ. ಬಿಟ್ಟ ಕೂಡಲೇ 0.46ಕ್ಕೆ ಇಳಿಯುತ್ತದೆ. ಬಟ್ಟು ತಾನೂ ವೇಗ ಪಡೆಯುತ್ತಿರುವುದರಿಂದ ಅದರ ತೂಕದ ಒಂದು ಪಾಲು ಅದಕ್ಕೇ ಖರ್ಚಾಗುತ್ತದೆ. ಎಷ್ಟೋ ಪುಸ್ತಕಗಳಲ್ಲಿ ದಾರದ ಎಳೆತವೂ ಬಟ್ಟಿನ ತೂಕವೂ ಒಂದೇ ಅಂತ ಅಂದಾಜು ಮಾಡಿ ಮುಂದೆ ಹೋಗುತ್ತಾರೆ. ಇಲ್ಲಿ ಆ 0.03 ನ್ಯೂಟನ್ ಇಳಿತ ಕಣ್ಣೆದುರೇ ಕಾಣುತ್ತದೆ. ಆದರೆ 10ರ ರೇಂಜಿನಲ್ಲಿ ಮಾತ್ರ ಕಾಣುತ್ತದೆ. ಮತ್ತೆ ಕೇಬಲ್ ಇರುವ ಸೆನ್ಸರ್ ಆದರೆ ಅದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಒಬ್ಬರು ಕೇಬಲ್ಲನ್ನು ಮೇಲಕ್ಕೆ ಎತ್ತಿ ಹಿಡಿದು ಗಾಡಿಯ ಜೊತೆ ನಡೆಯಬೇಕು. ವೈರ್‌ಲೆಸ್ ಸೆನ್ಸರ್ ಇದ್ದರೆ ಈ ಪ್ರಯೋಗಕ್ಕೆ ಅದನ್ನೇ ಇಡಿ. ಟ್ರ್ಯಾಕ್ ಮಟ್ಟವಾಗಿದೆಯಾ ಅಂತ ರಸಮಟ್ಟ ಇಟ್ಟು ನೋಡಿ.

ಇನ್ನೊಂದು ಲೋಲಕ. 200 ಗ್ರಾಂ ಗುಂಡನ್ನು ಸೆನ್ಸರಿಗೆ ದಾರದಿಂದ ಕಟ್ಟಿ 30 ಡಿಗ್ರಿ ಎಳೆದು ಬಿಡಿ. ತಳಕ್ಕೆ ಬಂದಾಗ ದಾರದ ಎಳೆತ 2.49 ನ್ಯೂಟನ್, ಗುಂಡಿನ ತೂಕ 1.96ಕ್ಕಿಂತ ಕಾಲು ಭಾಗಕ್ಕೂ ಹೆಚ್ಚು. ಒಂದು ತೂಗಾಟದಲ್ಲಿ ಎರಡು ಸಲ ತಳ ಮುಟ್ಟುವುದರಿಂದ ಗ್ರಾಫಿನಲ್ಲಿ ಎರಡು ಶಿಖರ. ತುದಿಯಲ್ಲಿ ನಿಂತ ಕ್ಷಣ ಎಳೆತ 1.70 ಆಗಬೇಕು ಅಂತ ಲೆಕ್ಕ ಹೇಳುತ್ತದೆ. ಆದರೆ ಸೆನ್ಸರ್ 1.47 ತೋರಿಸುತ್ತದೆ. ವಿದ್ಯಾರ್ಥಿಗಳು ಗಾಳಿಯ ಘರ್ಷಣೆ ಅನ್ನುತ್ತಾರೆ. ಅದಲ್ಲ. ಸೆನ್ಸರ್ ನೇರ ನಿಂತಿದೆ, ಅದು ಓದುವುದು ತನ್ನ ನೇರಕ್ಕೆ ಬರುವ ಬಲವನ್ನು ಮಾತ್ರ. ದಾರ 30 ಡಿಗ್ರಿ ಓರೆಯಾಗಿದೆ. 1.70ಕ್ಕೆ ಆ ಕೋನದ ಕೊಸೈನ್ ಗುಣಿಸಿ ನೋಡಿ, 1.47 ಬರುತ್ತದೆ. ಪಟ್ಟಿ ಬಾಗುವ ದಿಕ್ಕು ಯಾವುದು ಅಂತ ನೆನಪಿದ್ದರೆ ಈ ಒಗಟು ತಾನಾಗೇ ಬಿಡಿಸಿಕೊಳ್ಳುತ್ತದೆ.

ಮೂರನೇ ನಿಯಮಕ್ಕೆ ಎರಡು ಸೆನ್ಸರಿನ ಕೊಕ್ಕೆಗಳನ್ನು ಸಿಕ್ಕಿಸಿ ಎಳೆಯುವಾಗ ಒಂದರ ಚಿಹ್ನೆಯನ್ನು ಸಾಫ್ಟ್‌ವೇರಿನಲ್ಲಿ ತಿರುಗಿಸಿ. ಇಲ್ಲದಿದ್ದರೆ ಎರಡೂ ಗೆರೆ ಒಂದರ ಮೇಲೊಂದು ಕೂತು, ದಿಕ್ಕು ಬೇರೆ ಅನ್ನುವುದೇ ಕಾಣುವುದಿಲ್ಲ. ತಳ್ಳಿದರೆ ಪ್ಲಸ್ಸೋ ಎಳೆದರೆ ಪ್ಲಸ್ಸೋ ಅನ್ನುವುದು ಸೆನ್ಸರಿನಿಂದ ಸೆನ್ಸರಿಗೆ ಬೇರೆ ಇರುತ್ತದೆ. ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿದರೆ ಸಾಕು.

ನೀವೇ ಮಾಡಿಕೊಳ್ಳುವ ವಿಷಯ. ಖಂಡಿತ ಮಾಡಬಹುದು, ಮಾಡಬೇಕು ಕೂಡ. ನಾಲ್ಕು ತಂತಿಯ ಒಂದು ಪಟ್ಟಿ ಲೋಡ್ ಸೆಲ್, ಒಂದು ಎಚ್‌ಎಕ್ಸ್711 ಬೋರ್ಡ್ (ಬ್ರಿಡ್ಜಿನ ಚಿಕ್ಕ ವೋಲ್ಟೇಜನ್ನು ಹಿಗ್ಗಿಸಿ ಸಂಖ್ಯೆ ಮಾಡುವುದು), ಒಂದು ಆರ್ಡುಯಿನೊ (ಆ ಸಂಖ್ಯೆಯನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್) ಇದ್ದರೆ ಆಯಿತು. ಲೋಡ್ ಸೆಲ್ಲಿನಲ್ಲಿ ಇರುವುದು ಇದೇ ಪಟ್ಟಿ, ಇದೇ ಬ್ರಿಡ್ಜ್. ಒಂದು ತುದಿಯನ್ನು ಗಟ್ಟಿಯಾಗಿ ಬೋಲ್ಟ್ ಮಾಡಿ, ಇನ್ನೊಂದು ತುದಿಯ ಕೆಳಗೆ ಬಾಗಲು ಜಾಗ ಬಿಡಿ, ಬಾಣದ ಗುರುತು ಬಲದ ದಿಕ್ಕಿಗಿರಲಿ. ಎಚ್‌ಎಕ್ಸ್711 24 ಬಿಟ್‌ನದು, ಆದರೆ ಸೆಕೆಂಡಿಗೆ 10 ಸಲ ಅಥವಾ 80 ಸಲ ಮಾತ್ರ ಓದುತ್ತದೆ. ತೂಕ, ಸ್ಪ್ರಿಂಗ್, ಘರ್ಷಣೆ, ನೀರಿನಲ್ಲಿ ಮುಳುಗಿಸಿದ ವಸ್ತುವಿನ ತೂಕ ಎಷ್ಟು ಕಡಿಮೆಯಾಯಿತು ಅನ್ನುವುದು, ಇವಕ್ಕೆಲ್ಲ ಚೆನ್ನಾಗಿ ಸಾಕು. ಡಿಕ್ಕಿಗೆ ಸಾಲದು. ಒತ್ತಿದರೆ ರೋಧ ಬದಲಾಗುವ ತೆಳ್ಳನೆಯ ಹಾಳೆಯಂಥ ಸೆನ್ಸರ್‌ಗಳೂ ಸಿಗುತ್ತವೆ. ಅವನ್ನು ಅಳತೆಗೆ ತರಬೇಡಿ. ಒತ್ತಿದ್ದಾರಾ ಇಲ್ಲವಾ ಅಂತ ತಿಳಿಯಲು ಅವು ಸರಿ, ಎಷ್ಟು ನ್ಯೂಟನ್ ಅಂತ ಕೇಳಿದರೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಉತ್ತರ ಕೊಡುತ್ತವೆ.

ಸೆನ್ಸರ್ ಬಾಳಿಕೆ ಬರಬೇಕಾದರೆ ಹೆಚ್ಚು ಏನೂ ಬೇಡ. ಕೊಕ್ಕೆಯನ್ನು ಬೆರಳಿನಿಂದ ತಿರುಗಿಸಿ ಹಾಕಿ, ಇಕ್ಕಳ ಬಳಸಬೇಡಿ. ಪಕ್ಕಕ್ಕೆ ಜಗ್ಗಬೇಡಿ. 50 ನ್ಯೂಟನ್ ಅಂದರೆ 5 ಕೆಜಿ, ಆದರೆ ಅದು ಸುಮ್ಮನೆ ತೂಗುವ 5 ಕೆಜಿ. ದಾರ ಸಡಿಲ ಬಿಟ್ಟು ಒಂದು ಕೆಜಿಯನ್ನು ಮೇಲಿಂದ ಬೀಳಿಸಿದರೆ ದಾರ ಬಿಗಿಯುವ ಕ್ಷಣದ ಜಗ್ಗು ಅದನ್ನು ಎಲ್ಲೋ ದಾಟಿಬಿಡಬಹುದು. ಪಟ್ಟಿ ಒಮ್ಮೆ ಮಿತಿ ಮೀರಿ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಏನೂ ತೂಗದೇ ಇದ್ದಾಗ ಅದು ತೋರಿಸುವ ಸಂಖ್ಯೆಯನ್ನು, ಸೊನ್ನೆ ಒತ್ತುವ ಮೊದಲು, ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ದಿನ ಅದು ದಿಢೀರನೆ ಜಿಗಿದಿದ್ದರೆ ಯಾರೋ ಜೋರಾಗಿ ಎಳೆದಿದ್ದಾರೆ ಅಂತ ಗೊತ್ತಾಗುತ್ತದೆ.

ಈಗ ಮೊದಲು ಡಿಕ್ಕಿಯ ಪ್ರಯೋಗವನ್ನೇ ಮತ್ತೆ ಮಾಡಿ. ರೇಂಜ್ 50, ಸೆಕೆಂಡಿಗೆ 1000, ಮೆತ್ತನೆಯ ಸ್ಪ್ರಿಂಗ್, ಶಿಖರದ ವಿಸ್ತೀರ್ಣ ಮಾತ್ರ. ಐದು ಸಲ ಮಾಡಿ ಐದೂ ಗ್ರಾಫ್ ಕಳಿಸಿ. 0.39ರ ಹತ್ತಿರ ಬರದಿದ್ದರೆ ವೇಗದ ಅಳತೆಯ ಕಡೆ ಒಟ್ಟಿಗೆ ನೋಡೋಣ.